ಒಂದೇ ಉಡಿಯಲ್ಲಿ ಎರಡು ಕೂಸು

ಗಡಿಯಾಚೆಯ ಕಿಲ್ಲಾರಿ ಕಡೆ ಭೂಕಂಪ ಆದ ವರ್ಷ ಕಲಬುರಗಿಯ ಜನ ಸ್ವಲ್ಪ ದಿನ ಮನೆಯನ್ನು ನಂಬುವುದನ್ನೇ ಬಿಟ್ಟಿದ್ದರು. ನೆಲ ನಡುಗಿದ್ದು ಒಂದು ಗಳಿಗೆ, ಎದೆ ನಡುಗಿದ್ದು ದೀಪಾವಳಿಯವರೆಗೆ. ಓಣಿ ಓಣಿಯಲ್ಲೂ ಹೊರಸುಗಳು ಹೊರಗೆ ಬಂದವು. ಒಬ್ಬರ ಒಲೆಯ ಚಹಾ ಇನ್ನೊಬ್ಬರ ಬಸಿಯಲ್ಲಿ, ಒಬ್ಬರ ಮಕ್ಕಳು ಇನ್ನೊಬ್ಬರ ಕೌದಿಯಲ್ಲಿ. ವರ್ಷದಿಂದ ಮಾತು ಬಿಟ್ಟಿದ್ದ ನೆರೆಯವರು ಹೊರಸಿಗೆ ಹೊರಸು ತಾಗಿಸಿ ಮಲಗಿದರು. ಹಣಮಂತರಾಯನಿಗೆ ಈಗಲೂ ಆ ದಿನಗಳು ಅಂದರೆ ಭಯಕ್ಕಿಂತ ಮೊದಲು ನೆನಪಾಗುವುದು ಐವಾನ್-ಎ-ಶಾಹಿಯ ಹಿಂದಿನ ತಮ್ಮ ಓಣಿಯಲ್ಲಿ ಬೇವಿನ ಗಿಡದವರೆಗೂ ಸಾಲಾಗಿ ಹಾಕಿದ್ದ ಆ ಹೊರಸುಗಳು.

ಅವನು ಕಪನೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಮಷೀನಿನ ಮೇಲೆ ಕೆಲಸ ಮಾಡುತ್ತಿದ್ದ. ಹೆಂಡತಿ ಸಾವಿತ್ರಿಬಾಯಿ ಹುಡುಗಿಯರ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದಳು. ಮಗಳು ಗೌತಮಿಗೆ ಎಂಟು ವರ್ಷ, ಮಗ ಆನಂದನಿಗೆ ನಾಲ್ಕು. ಅಕ್ಕನ ಲಂಗದ ಚುಂಗು ಕೈಯಲ್ಲಿ ಇಲ್ಲದಿದ್ದರೆ ಆನಂದನಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಒಂದು ಸಂಜೆ ಹೊರಸಿನ ಮೇಲೆ ಕೂತು ಶೇಂಗಾ ಸುಲಿಯುತ್ತಾ ಸಾವಿತ್ರಿ ಕೇಳಿದಳು.

“ರೀ, ಅವತ್ತು ಗ್ವಾಡಿ ನಮ್ಮಿಬ್ಬರ ಮ್ಯಾಲೇ ಬಿದ್ದಿದ್ರ ಈ ಎರಡೂ ಕೂಸಿಗೆ ಯಾರ್ರೀ?”

“ಬಿತ್ತೇನು? ಇಲ್ಲಲ್ಲ.”

“ಬಿದ್ದಿಲ್ಲಂತ್ಲೇ ಕೇಳಾಕತ್ತೀನಿ. ಬಿದ್ದ ಮ್ಯಾಲ ಕೇಳಾಕ ಬರ್ತದೇನು?”

“ನಮ್ಮ ವೈನಿ ಇದ್ದಾಳಲ್ಲ,” ಅಂದ ಹಣಮಂತರಾಯ.

ಅವನ ಮಟ್ಟಿಗೆ ಆ ಒಂದು ಮಾತಿಗೆ ಎಲ್ಲ ಪ್ರಶ್ನೆಯೂ ಮುಗಿಯುತ್ತಿತ್ತು. ಅವನ ಊರು ಕಮಲಾಪುರ. ಏಳು ವರ್ಷದವನಿದ್ದಾಗ ಅಪ್ಪ ಹೋದ, ಅದೇ ವರ್ಷ ಅವ್ವನೂ ಹೋದಳು. ಆಗ ಅಣ್ಣ ಯಂಕಪ್ಪನಿಗೆ ಮದುವೆಯಾಗಿ ಸ್ವಲ್ಪ ದಿನ ಆಗಿತ್ತು ಅಷ್ಟೇ. ಅಣ್ಣನ ಹೆಂಡತಿ ಹಣಮಮ್ಮ, ಅದೇ ಈ ವೈನಿ, ಮೈದುನನನ್ನು ಮಗನ ಹಾಗೆ ಸಾಕಿದಳು. ತಲೆಗೆ ಎಣ್ಣೆ ಒತ್ತಿದಳು, ಶಾಲೆಗೆ ಅಟ್ಟಿದಳು, ಬಾಳೆಯ ತೋಟದಲ್ಲಿ ಕೆಂಪು ಗೊನೆ ಹಣ್ಣಾದಾಗ ಮೊದಲ ಹಣ್ಣು ಅವನಿಗೇ ಇಟ್ಟಳು. ಅವನನ್ನು ಸಾಕುವುದಕ್ಕೆ ಯಾರೂ ಯಾವ ಕಾಗದವನ್ನೂ ಬರೆದಿರಲಿಲ್ಲ.

ಮಾರನೆಯ ದಿನ ಇಂದೂಬಾಯಿ ಬಂದಳು. ಇಂದೂಬಾಯಿ ಮತ್ತು ಸಾವಿತ್ರಿ ಶಾಲೆಯಲ್ಲಿ ಒಂದೇ ಬೆಂಚಿನವರು. ಇವಳ ಡಬ್ಬಿಯ ಖಾರಬ್ಯಾಳಿ ಅವಳು ತಿಂದು, ಅವಳ ಡಬ್ಬಿಯ ಥಾಲಿಪೆಟ್ಟು ಇವಳು ತಿಂದು ಬೆಳೆದವರು. ಈಗ ಇಂದೂಬಾಯಿ ಕಲಬುರಗಿಯ ಕೋರ್ಟಿನಲ್ಲಿ ವಕೀಲಳು. ಲೂನಾ ಗಾಡಿ ನಿಲ್ಲಿಸಿ, ಕರಿ ಕೋಟು ಹೊರಸಿನ ಮೇಲೆ ಒಗೆದು, ಮನೆಯವಳ ಹಾಗೆ ಕಾಲು ಚಾಚಿ ಕೂತಳು.

“ಅಗಂ ಸಾವಿತ್ರಿ, ಗಡಿ ಆಚೆ ಊರುಗಳ ಸುದ್ದಿ ಕೇಳಿದೀ? ತಂದೆ-ತಾಯಿ ಇಬ್ಬರೂ ಹೋಗಿ ಬರೇ ಮಕ್ಕಳು ಉಳದಾವಂತ.”

“ಅದನ್ನೇ ನಿನ್ನೆ ಇವರಿಗೆ ಕೇಳಾಕತ್ತಿದ್ದೆ. ವೈನಿ ಇದ್ದಾಳ ಅಂದು ಮಗ್ಗಲಾದ್ರು.”

ಇಂದೂಬಾಯಿ ಹಣಮಂತರಾಯನ ಕಡೆ ತಿರುಗಿದಳು. “ನೀವಿಬ್ಬರೂ ಒಂದೊಂದು ವಿಲ್ ಬರದಿಡ್ರೀ. ಮೃತ್ಯುಪತ್ರ ಅಂತಾರಲ್ಲ, ಅದೇ.”

“ವಕೀಲ್ ಬಾಯಾರ, ನಮ್ಮಂಥೋರಿಗೆ ಎಲ್ಲೀ ವಿಲ್‌ರೀ? ಅದೆಲ್ಲ ಬಂಗ್ಲೆ ಇದ್ದೋರಿಗೆ.”

“ನಿಮಗ ಮಕ್ಕಳಿಲ್ಲೇನು?”

“ಎರಡು ಅದಾವಲ್ಲ.”

“ಅಷ್ಟಿದ್ರ ಸಾಕು. ಬಂಗ್ಲೆ ತಾನೇ ನಿಂತಿರ್ತದ. ಕೂಸಿಗೆ ಯಾರರೆ ಬೇಕಾಗ್ತದ.”

“ಈ ಸಲ ಬಂಗ್ಲೇನೂ ನಿಲ್ಲಲಿಲ್ಲ ಬಿಡ್ರಿ,” ಅಂದ ಹಣಮಂತರಾಯ. ಮೂವರೂ ನಕ್ಕರು.

ನಗು ನಿಂತ ಮೇಲೆ ಇಂದೂಬಾಯಿ ಬಿಡಿಸಿ ಹೇಳಿದಳು. “ನೋಡ್ರಿ, ನಿಮ್ಮಿಬ್ಬರಾಗ ಒಬ್ಬರು ಇದ್ರೂ ಮಕ್ಕಳಿಗೆ ಅವರೇ ಪಾಲಕರು. ಅದಕ್ಕ ಯಾವ ಕಾಗದಾನೂ ಬ್ಯಾಡ. ಇಬ್ಬರೂ ಇಲ್ಲಂದ್ರ ಯಾರು, ಅದನ್ನ ಬರೀಬೇಕು. ಬರೀಲಿಲ್ಲಂದ್ರ ಬಳಗದವರು ತಮಗ ತಿಳದಂಗ ಮಾಡ್ತಾರ. ಜಗಳಾದ್ರ ಕೋರ್ಟಿಗೆ ಬರ್ತಾರ. ಪಾಪ, ಆ ಜಡ್ಜಿಗೆ ನಿಮ್ಮ ಮನಸ್ಸು ಹೆಂಗ ಗೊತ್ತಾಗಬೇಕು?”

ಹಣಮಂತರಾಯ “ನೋಡೋಣ್ರೀ” ಅಂದು ಎದ್ದು ಹೋದ. ಅವನ ಹೊಟ್ಟೆಯಲ್ಲಿದ್ದ ಮಾತು ಇಂದೂಬಾಯಿ ಹೋದ ಮೇಲೆ ಹೊರಗೆ ಬಂತು.

“ವೈನಿ ಮುಂದ ಕಾಗದ ಹಿಡೀಲೇನು? ನಿನ್ನ ಮ್ಯಾಲ ಭರೋಸಾ ಇಲ್ಲ, ಇಲ್ಲಿ ಸಹಿ ಮಾಡು ಅಂದಂಗ ಆಗೂದಿಲ್ಲೇನು? ನನಗ ಉಣಿಸಿದ ಕೈ ಅದು.”

“ವೈನಿನ್ನೇ ಒಂದು ಮಾತು ಕೇಳ್ರಿ.”

“ಆಕಿ ಮುಂದ ನಾ ಸಾಯೋ ಮಾತು ಆಡ್ಲಿ?”

“ಆಡಬ್ಯಾಡ್ರಿ. ನಿಮ್ಮ ಲೇತ್ ಮುಂದ ಆಡ್ರಿ. ಅದು ತಿರುಗಿ ಬೈಯೂದಿಲ್ಲ.”

ಅವನು ನಿಜವಾಗಿಯೂ ಲೇತಿನ ಮುಂದೆಯೇ ಆಡಿದ. ಪಕ್ಕದ ಮಷೀನಿನ ಶಫಿಗೆ ಊಟದ ಹೊತ್ತಿನಲ್ಲಿ ಕೇಳಿದ.

“ಶಫಿ ಭಾಯ್, ವಿಲ್ ಬರದ್ರ ಸಾವು ಕರದಂಗ ಅಂತಾರಲ್ಲ, ಖರೇನೇನು?”

“ನಮ್ಮಲ್ಲಿ ಅದಕ್ಕ ವಸೀಯತ್ ಅಂತಾರ. ನಮ್ಮ ಚಾಚಾ ಹಜ್‌ಗೆ ಹೋಗೋ ಮುಂದ ವಸೀಯತ್ ಬರದ, ಓಣಿ ಮಂದಿಗೆಲ್ಲ ಮಾಫಿ ಕೇಳಿದ, ಹೆಂಗಸರನ್ನ ಅಳಿಸಿ ಹೋದ. ತಿರುಗಿ ಬಂದು ಎಷ್ಟೋ ವರ್ಷ ಆತು. ಇನ್ನಾ ದಿನಾ ಬಂದು ನನ್ನ ಬೀಡಿ ಕೇಳ್ತಾನ.”

ಹಣಮಂತರಾಯ ನಕ್ಕ. ಸಾವಿನ ಹೆದರಿಕೆ ಅಷ್ಟಕ್ಕೇ ಹೋಯಿತು. ವೈನಿಯ ಹೆದರಿಕೆ ಮಾತ್ರ ಹೋಗಲಿಲ್ಲ.

ಚಳಿ ಬಿತ್ತು. ಹೊರಸುಗಳು ಒಂದೊಂದಾಗಿ ಒಳಗೆ ಹೋದವು. ಎಳ್ಳ ಅಮವಾಸ್ಯೆ ಬಂತು.

ಆ ಹಬ್ಬಕ್ಕೆ ನಮ್ಮ ಕಡೆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಬುಟ್ಟಿ ಕಟ್ಟಿಕೊಂಡು ಹೊಲಕ್ಕೇ ಹೋಗಬೇಕು. ಹೊಲ ಇಲ್ಲದ ಪರಿಚಯದವರನ್ನೂ ಕರೆದುಕೊಂಡು ಹೋಗಬೇಕು. ಇಂದೂಬಾಯಿಯನ್ನು ಸಾವಿತ್ರಿ ಕರೆದಳು. ಐದೂ ಜನ ಬೆಳಗಿನ ಬಸ್ಸಿಗೆ ಕಮಲಾಪುರಕ್ಕೆ ಹೋದರು. ಅಣ್ಣ ಯಂಕಪ್ಪ ನಿಲ್ದಾಣಕ್ಕೆ ಬಂಡಿ ತಂದಿದ್ದ. ಎತ್ತಿನ ಕೊರಳ ಗಂಟೆ, ಎರಡೂ ಕಡೆ ತೆನೆ ಹಿರಿದ ಬಿಳಿಜೋಳ, ಕಡಲೆ ಹೊಲದ ಹುಳಿ ವಾಸನೆ. ಬಂಡಿಯಲ್ಲಿ ಕೂತ ಹಣಮಂತರಾಯ ಏಳು ವರ್ಷದವನಾದ.

ಹೊಲದಲ್ಲಿ ಯಂಕಪ್ಪ ಮುಂದೆ ಕೂಗುತ್ತಾ, ಆನಂದ ಹಿಂದಿನಿಂದ ತಪ್ಪು ತಪ್ಪಾಗಿ ಮಾರುತ್ತರ ಕೊಡುತ್ತಾ, ಭೂಮಿತಾಯಿಗೆ ನೈವೇದ್ಯದ ಚರಗ ಚೆಲ್ಲಿ ಬಂದರು. ಆಮೇಲೆ ಬಾಳೆಯ ಸಾಲಿನ ನೆರಳಿಗೆ ಊಟ. ಸಜ್ಜೆ ರೊಟ್ಟಿ, ಹಸಿ ಕಾಳು ಹಾಕಿ ಕುದಿಸಿದ ಭಜ್ಜಿ ಪಲ್ಯ, ಶೇಂಗಾ ಹೋಳಿಗೆ, ಅಂಬಲಿ. ಹಣಮಮ್ಮ ಬಡಿಸುತ್ತಾ ಬಡಿಸುತ್ತಾ ಆನಂದನನ್ನು ತೊಡೆಯ ಮೇಲೆ ಎಳೆದುಕೊಂಡಳು.

“ಇವ ನನ್ನ ಪಾಲಿನವ. ತೊಟ್ಟಿಲ ದಿನಾನೇ ಇವರಪ್ಪ ನನ್ನ ಉಡ್ಯಾಗ ಹಾಕಿ, ‘ವೈನಿ, ಇನ್ನ ಮುಂದ ಇವ ನಿನ್ನವ’ ಅಂದಾನ.”

“ಹಂಗಾದ್ರ ಗೌತಮಿ ನಮ್ಮ ರತ್ನಾನ ಪಾಲು,” ಅಂದಳು ಸಾವಿತ್ರಿ. ರತ್ನಾ ಅವಳ ತಂಗಿ, ಕಲಬುರಗಿಯಲ್ಲೇ ಇದ್ದವಳು. “ಗೌತಮಿ ತೊಟ್ಟಿಲ ದಿನ ಆಕಿ ಉಡ್ಯಾಗ ನಾ ಹಾಕೀನಿ.”

ಎಲ್ಲರೂ ನಕ್ಕರು. ಹೆಸರಿಡುವ ದಿನ ಕೂಸನ್ನು ಪ್ರೀತಿಯವರ ಉಡಿಗೆ, ಅಂದರೆ ಸೆರಗಿನ ಮಡಿಲಿಗೆ ಹಾಕಿ ‘ಇದು ನಿಮ್ಮದು’ ಅನ್ನುವುದು ಬಳಗದ ಸಂತೋಷ. ಯಾರೂ ಅದನ್ನು ಲೆಕ್ಕ ಇಡುವುದಿಲ್ಲ. ಯಂಕಪ್ಪ ಮಾತ್ರ ಹೋಳಿಗೆ ಮುರಿಯುತ್ತಾ ತಲೆ ಆಡಿಸಿದ.

“ಪದ್ಧತೀನೇ ಅದ. ಗಂಡುಕೂಸು ತಂದಿ ಬಳಗಕ್ಕ, ಹೆಣ್ಣುಕೂಸು ತಾಯಿ ಬಳಗಕ್ಕ. ಈ ಬಾಳಿ ನೋಡ್ರಿ. ತಾಯಿ ಬುಡದಾಗ ಎರಡು ಮರಿ ಬಂದ್ರ, ಒಂದು ಕಿತ್ತು ಬ್ಯಾರೆ ಕಡೆ ಹಚ್ಚತೇವಿ. ಎರಡೂ ಗೊನಿ ಬಿಡ್ತಾವ.”

ಗೌತಮಿ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟಳು.

“ದೊಡ್ಡಪ್ಪಾ, ಹಂಗಾದ್ರ ಆನಂದ ನನ್ನ ಜೋಡಿ ಇರೂದಿಲ್ಲೇನು?”

“ಏ ಪೋರಿ, ಸುಮ್ನ ಉಣ್ಣು. ಚಾಷ್ಟಿ ಮಾತು ಅದು.”

ಹಣಮಮ್ಮನ ಸೌಟು ಭಜ್ಜಿಯ ಗಡಿಗೆಯಲ್ಲೇ ನಿಂತಿತು. ಅವಳು ಗಂಡನನ್ನು ನೋಡಲಿಲ್ಲ. ಮೈದುನನನ್ನು ನೋಡಿದಳು.

“ಬಾಳಿಗೇನು, ತಂಗಿ ನೆನಪಾಗೂದಿಲ್ಲ,” ಅಂದಳು. “ಹಣಮಂತ, ನಿನಗ ಭೀಮಿ ನೆನಪದಾಳೇನು?”

ಭೀಮಬಾಯಿ ಹಣಮಂತರಾಯನ ತಂಗಿ. ಅವ್ವ ಸತ್ತಾಗ ಅವಳಿಗೂ ಆನಂದನದೇ ವಯಸ್ಸು. ದಿನಗಳೆಲ್ಲ ಮುಗಿದ ಮೇಲೆ ಸೊಲ್ಲಾಪುರದ ಸೋದರಮಾವ ಬಂದು ಅವಳನ್ನು ಕರೆದುಕೊಂಡು ಹೋದ. ಮಾವ ಕೆಟ್ಟವನಲ್ಲ. ಪ್ರೀತಿಯಿಂದ ಒಯ್ದ, ಪ್ರೀತಿಯಿಂದ ಸಾಕಿದ, ತನ್ನ ಮಗನಿಗೇ ತಂದುಕೊಂಡ. ಬಸ್ಸಿನ ಕಿಟಕಿಯಲ್ಲಿ ಭೀಮಿ ಅರ್ಧ ಸುಲಿದ ಕೆಂಪು ಬಾಳೆಹಣ್ಣು ಹಿಡಿದು ನಗುತ್ತಿದ್ದಳು. ಅವಳಿಗೆ ಅದು ಜಾತ್ರೆಗೆ ಹೊರಟ ಹಾಗೆ. ಬಸ್ಸು ಹೋಯಿತು. ಹಣ್ಣು ತಿಂದು ಮುಗಿಸಿ ಇವತ್ತೇ ಬರುತ್ತಾಳೆ ಅಂದುಕೊಂಡು ಹಣಮಂತರಾಯ ಸಂಜೆಯವರೆಗೆ ನಿಲ್ದಾಣದ ಕಟ್ಟೆಯ ಮೇಲೆ ಕೂತಿದ್ದ.

ಮುಂದೆ ದೊಡ್ಡವರಾಗಿ ಮದುವೆ ಮುಂಜಿಗಳಲ್ಲಿ ಭೇಟಿಯಾದರು. ಅವಳಿಗೆ ಕನ್ನಡ ಮರೆತಿತ್ತು. ಇವನಿಗೆ ಮರಾಠಿ ಅರ್ಧ ಬರುತ್ತಿತ್ತು. “ಕಸಾ ಆಹೇಸ್ ದಾದಾ?” ಅನ್ನುತ್ತಿದ್ದಳು. “ಚೊಲೋ ಅದೀನಿ” ಅನ್ನುತ್ತಿದ್ದ. ಆಮೇಲೆ ಇಬ್ಬರೂ ಬೀಗರ ಹಾಗೆ ಚಹಾದ ಬಸಿ ನೋಡುತ್ತಾ ಕೂಡುತ್ತಿದ್ದರು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಜಗಳ ಆಡುವುದಕ್ಕೂ ಒಂದು ಭಾಷೆ ಉಳಿದಿರಲಿಲ್ಲ.

“ನೆನಪಿಲ್ಲದ ಏನು ವೈನಿ,” ಅಂದ.

“ನಿಮ್ಮವ್ವ ಹಾಸಿಗಿ ಹಿಡದಾಗ ನಾ ಆಕಿ ಕಾಲು ಒತ್ತತಿದ್ದೆ. ‘ಹಣಮವ್ವಾ, ಹಣಮಂತ ಭೀಮಿ ಇಬ್ಬರನ್ನೂ ಅಗಲಸಬ್ಯಾಡ್ರಿ. ಯಾರರೆ ಸಾಕ್ರಿ, ಒಂದ ಮನ್ಯಾಗ ಇಟ್ಟು ಸಾಕ್ರಿ’ ಅಂದ್ಲು. ನನಗ ಒಬ್ಬಾಕಿಗೇ ಅಂದ್ಲು. ಹಿರೇರು ಕುಂತು ಮಾತಾಡೋ ದಿನ ನಾ ಬಾಗಲ ಹಿಂದ ನಿಂತು ಹೇಳಿದೆ. ಮೊನ್ನೆ ಬಂದ ಸೊಸಿ ಮಾತು. ‘ಆಕಿ ಹಂಗ ಅಂದಿದ್ದನ್ನ ಮತ್ಯಾರು ಕೇಳ್ಯಾರ?’ ಅಂದ್ರು. ನಾ ಏನು ತೋರಸಬೇಕಿತ್ತು?”

ಯಂಕಪ್ಪ ಹೋಳಿಗೆ ಕೆಳಗಿಟ್ಟು ಬೆರಳಿಂದ ನೆಲದ ಮಣ್ಣು ಸವರುತ್ತಿದ್ದ. ಹಣಮಂತರಾಯನ ಕಣ್ಣು ಮಕ್ಕಳ ಮೇಲೆ ಹೋಯಿತು. ಮಗ ಅಣ್ಣನ ಮನೆಯ ಪಾಲು, ಮಗಳು ನಾದಿನಿಯ ಪಾಲು. ಅವನೂ ಅವನ ಹೆಂಡತಿಯೂ ನಗುತ್ತಾ ನಗುತ್ತಾ ಎರಡೂ ಕೂಸುಗಳನ್ನು ಆಗಲೇ ಹಂಚಿ ಮುಗಿಸಿದ್ದರು. ಬಸ್ಸು ಒಂದು ಬರುವುದು ಬಾಕಿ ಇತ್ತು.

ಅವನು ಎರಡು ತಿಂಗಳಿಂದ ನುಂಗಿಕೊಂಡಿದ್ದ ಮಾತನ್ನು ಆಗ ಆಡಿದ.

“ವೈನಿ, ವಕೀಲ್ ಬಾಯಾರು ಒಂದು ವಿಲ್ ಬರದಿಡ್ರಿ ಅಂತಾರ. ಮಕ್ಕಳು ಯಾರ ಕಡೆ ಇರಬೇಕಂತ. ನಿನಗ ಅವಮಾನ ಆಗ್ತದಂತ ನಾ ಒಲ್ಲೆ ಅಂದೆ.”

“ಯಾರಿಗೆ ಅವಮಾನ? ಅವತ್ತು ನನ್ನ ಕೈಯಾಗ ನಿಮ್ಮವ್ವನ ಹೆಬ್ಬೆಟ್ಟು ಒತ್ತಿದ ಒಂದು ಕಾಗದ ಇದ್ದಿದ್ರ, ನಾ ಬಾಗಲ ಹಿಂದ ನಿಂದಿರ್ತಿದ್ದೆನೇನು? ನಡುಮನಿಗೆ ಬಂದು ನಿಂದಿರ್ತಿದ್ದೆ.” ಅವಳು ಇಂದೂಬಾಯಿಯ ಕಡೆ ತಿರುಗಿದಳು. “ಬರೀರಿ ಯವ್ವಾ. ನನ್ನ ಹೆಸರು ಮೊದಲ ಬ್ಯಾಡ. ನನಗೂ ವಯಸ್ಸಾತು, ಮೊಣಕಾಲು ಹಿಡ್ಯಾಕತ್ತಾವ. ರತ್ನಾ ಸಣ್ಣಾಕಿ, ಶಾಲಿ ಹತ್ರ ಇದ್ದಾಳ. ಆಕೀದು ಮೊದಲ ಬರೀರಿ. ಆಕಿಗೆ ಆಗಲಿಲ್ಲಂದ್ರ ನಾ. ಆದ್ರ ಎರಡೂ ಕೂಸು ಒಂದ ಉಡ್ಯಾಗ ಅಂತ ಎಲ್ಲಾಕ್ಕಿಂತ ಮೊದಲ ಬರೀರಿ.”

“ನೀವು ವಕೀಲರಾಗಬೇಕಿತ್ತು ಕಾಕು,” ಅಂದಳು ಇಂದೂಬಾಯಿ. “ನಾ ಹೇಳೋದೆಲ್ಲ ನೀವೇ ಹೇಳಿದ್ರಿ. ಒಬ್ಬರ ಹೆಸರು, ಅವರಿಗೆ ಆಗದಿದ್ರ ಇನ್ನೊಬ್ಬರ ಹೆಸರು. ಹೆಸರು ಬರಿಯೋಕಿಂತ ಮೊದಲ ರತ್ನಾನ್ನ, ಆಕಿ ಗಂಡನ್ನ ಕೇಳಬೇಕು. ಮನಸ್ಸಿಲ್ಲದವರ ಹೆಸರು ಬರದು ಉಪಯೋಗಿಲ್ಲ. ಮತ್ತ ಗಂಡ-ಹೆಂಡತಿ ಇಬ್ಬರೂ ಬ್ಯಾರೆ ಬ್ಯಾರೆ ವಿಲ್ ಬರದ್ರೂ, ಎರಡರಾಗೂ ಅದೇ ಹೆಸರು ಇರಬೇಕು. ಇಲ್ಲಂದ್ರ ಮತ್ತ ಉಡಿ ಎರಡಾಗ್ತಾವ.”

ಯಂಕಪ್ಪ ತಲೆ ಎತ್ತಿದ. “ಅಲ್ರೀ, ಇವನ ಪಾಲಿನ ಬಾಳಿ ತೋಟ ಅದ. ಪಾಲಕ ಆದವರು ಅದನ್ನ ಮಾರ್ಕೊಂಡ್ರ?”

“ಮಕ್ಕಳ ಹೊಲ-ಮನಿ ಕೋರ್ಟಿನ ಅಪ್ಪಣೆ ಇಲ್ಲದ ಮಾರಾಕ ಬರೂದಿಲ್ಲ ಕಾಕಾ. ಸಾಕೂದು ಅವರ ಕೆಲಸ. ಆಸ್ತಿ ಮಕ್ಕಳದೇ.”

“ಸ್ಟಾಂಪ್ ಕಾಗದ ಎಷ್ಟರದು ಬೇಕು?” ಅಂತ ಸಾವಿತ್ರಿ ಕೇಳಿದಳು.

“ಬಿಳಿ ಹಾಳಿ ಸಾಕು. ನೀವು ಸಹಿ ಮಾಡೋದನ್ನ ಇಬ್ಬರು ಸಾಕ್ಷಿ ಕಣ್ಣಾರೆ ನೋಡಿ, ನಿಮ್ಮ ಮುಂದ ತಾವೂ ಸಹಿ ಮಾಡಬೇಕು. ಆ ಸಾಕ್ಷಿ ಪಾಲಕರೂ ಆಗಿರಬಾರದು, ಆಸ್ತಿ ಪಡಿಯೋರೂ ಆಗಿರಬಾರದು, ಆವಾಗ ಯಾರೂ ಬೊಟ್ಟು ಮಾಡಾಕ ಬರೂದಿಲ್ಲ. ರಿಜಿಸ್ಟರ್ ಮಾಡಸಲೇಬೇಕಂತ ಇಲ್ಲ, ಮಾಡಸಿದ್ರ ಚೊಲೋ. ನಾಳೆ ಮನಸ್ಸು ಬದಲಾದ್ರ ಹೊಸದು ಬರೀರಿ. ಕಡೀಕ ಬರದದ್ದೇ ನಡೀತದ.”

“ಬೊಟ್ಟು ಮಾಡಾಕ ನಮ್ಮಾಕಿ ಬಿಡ್ತಾಳೇನ್ ಬಾಯಾರ,” ಅಂದ ಯಂಕಪ್ಪ ಹೆಂಡತಿಯ ಕಡೆ ನೋಡಿ. ಅಷ್ಟು ಹೊತ್ತಿನ ಮೇಲೆ ಮೊದಲ ಸಲ ಹಣಮಮ್ಮ ನಕ್ಕಳು.

ರತ್ನಾ ಕೂಡಲೇ ಹ್ಞೂಂ ಅನ್ನಲಿಲ್ಲ. ಗಂಡನ ಜೊತೆ ಕೂತು ಮಾತಾಡಿ, ಮಾರನೆಯ ವಾರ ಬಂದು, “ಎರಡೂ ಬರ್ಲಿ ಅಕ್ಕಾ. ಒಂದ ಬಂದ್ರ ನನ್ನ ಕೈಲಿ ಸಂಭಾಳಸಾಕ ಆಗೂದಿಲ್ಲ, ಅತ್ತುಬಿಡ್ತದ” ಅಂದಳು. ಆ ಮಾತು ಕೇಳಿದ ಮೇಲೆ ಹಣಮಂತರಾಯನಿಗೆ ಅವಳ ಹೆಸರು ಬರೆಯಲು ಯಾವ ಅನುಮಾನವೂ ಉಳಿಯಲಿಲ್ಲ.

ಒಂದು ಭಾನುವಾರ ಇಂದೂಬಾಯಿಯ ಮನೆಯ ಪಡಸಾಲೆಯಲ್ಲಿ ಗಂಡ ಹೆಂಡತಿ ತಮ್ಮ ತಮ್ಮ ವಿಲ್ ಬರೆದರು. ತೋಟದ ಪಾಲು, ಊರ ಹೊರಗಿನ ಪ್ಲಾಟು ಮಗಳಿಗೂ ಮಗನಿಗೂ ಸಮ. ಇಬ್ಬರೂ ಒಂದೇ ಮನೆಯಲ್ಲಿ ಬೆಳೆಯಬೇಕು. ಶಫಿ ಮತ್ತು ಪಕ್ಕದ ಮನೆಯ ನೀಲಕಂಠ ಮಾಸ್ತರರು ಸಾಕ್ಷಿ ಹಾಕಿದರು. ಶಫಿ ಸಹಿ ಮಾಡಿ ಪೆನ್ನು ಹಿಂದೆ ಕೊಡುತ್ತಾ, “ಇನ್ನ ನೀನೂ ನಮ್ಮ ಚಾಚಾನಂಗ ಎಲ್ಲರ ಬೀಡಿ ಕೇಳ್ಕೋತ ಬದುಕು” ಅಂದ. ಆಮೇಲೆ ರಿಜಿಸ್ಟರ್ ಮಾಡಿಸಿ, ಒಂದು ನಕಲು ರತ್ನಾಗೆ, ಇನ್ನೊಂದು ವೈನಿಗೆ ಕೊಟ್ಟರು. ಓದಲು ಬಾರದ ಹಣಮಮ್ಮ ಅದನ್ನು ಗೌತಮಿಯಿಂದ ಓದಿಸಿ ಕೇಳಿದಳು. ‘ಒಂದೇ ಮನೆಯಲ್ಲಿ’ ಅನ್ನುವ ಕಡೆ ನಿಲ್ಲಿಸಿ, ಇನ್ನೊಂದು ಸಲ ಓದು ಅಂದಳು. ಆಮೇಲೆ ಮದುವೆಯ ಸೀರೆಯ ಮಡಿಕೆಯಲ್ಲಿಟ್ಟು ಪೆಟ್ಟಿಗೆ ಮುಚ್ಚಿದಳು.

ಆ ಕಾಗದವನ್ನು ಬಳಸುವ ಪ್ರಸಂಗವೇ ಬರಲಿಲ್ಲ. ಹಣಮಂತರಾಯನ ತಲೆ ನರೆಯಿತು, ಸಾವಿತ್ರಿಗೆ ಕನ್ನಡಕ ಬಂತು. ಗೌತಮಿ ಕಾಲೇಜು ಮುಗಿಸಿ ಬ್ಯಾಂಕಿನ ಕೆಲಸಕ್ಕೆ ಸೇರಿದಳು. ಆನಂದನಿಗೆ ಹದಿನೆಂಟು ತುಂಬಿದ ವರ್ಷದ ಎಳ್ಳ ಅಮವಾಸ್ಯೆಗೆ ಎಲ್ಲರೂ ಮತ್ತೆ ಅದೇ ತೋಟದಲ್ಲಿ ಕೂತಿದ್ದರು. ಬುಟ್ಟಿಯಲ್ಲಿ ಒಂದೇ ಒಂದು ಕೆಂಪು ಬಾಳೆಹಣ್ಣು ಉಳಿದಿತ್ತು. ಅಕ್ಕ ತಮ್ಮ ಅದಕ್ಕಾಗಿ ಚೊಕ್ಕ ಕಲಬುರಗಿ ಕನ್ನಡದಲ್ಲಿ ಜಗಳ ಆಡುತ್ತಿದ್ದರು.

“ನಿಂದೇನು ಹಕ್ಕು ಅದ ಇದರ ಮ್ಯಾಲ?”

“ಸಣ್ಣವ ನಾ. ಕೊಡ ಸುಮ್ನ.”

“ಹದಿನೆಂಟಾತು, ಇನ್ನೂ ಸಣ್ಣವನಂತ.”

ಹಣಮಂತರಾಯ ಬಿಡಿಸಲು ಹೋಗಲಿಲ್ಲ. ಕೇಳುತ್ತಾ ಕೂತ. ಹಣಮಮ್ಮನೂ ಕೇಳುತ್ತಾ ಕೂತಿದ್ದಳು. ಅವಳ ಕಿವಿ ಆಗಲೇ ಮಂದವಾಗಿತ್ತು, ಆದರೂ ಆ ಜಗಳ ಅವಳಿಗೆ ಪೂರ್ತಿ ಕೇಳಿಸುತ್ತಿತ್ತು ಅನ್ನುವುದು ಮುಖದ ಮೇಲೆ ಕಾಣುತ್ತಿತ್ತು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮಕ್ಕಳ ತೊಟ್ಟಿಲ ದಿನ ಯಾರನ್ನು ಯಾರ ಉಡಿಯಲ್ಲಿ ಹಾಕಿದ್ದೀರಿ, ಒಮ್ಮೆ ನೆನಪು ಮಾಡಿಕೊಳ್ಳಿ. ಗಂಡ ಹೆಂಡತಿ ಇಬ್ಬರೂ ಹೇಳುವ ಹೆಸರು ಒಂದೇ ಆಗಿದೆಯೇ, ಕೇಳಿಕೊಳ್ಳಿ. ಬೇರೆ ಬೇರೆ ಆಗಿದ್ದರೆ ಇವತ್ತೇ ಕೂತು ಮಾತಾಡಿ. ಯಾರ ಹೆಸರು ಬರೆಯುತ್ತೀರೋ ಅವರನ್ನು ಮೊದಲು ಕೇಳಿ. ಒಂದು ಬಿಳಿ ಹಾಳೆ, ನಿಮ್ಮ ಸಹಿ ಅಥವಾ ಹೆಬ್ಬೆಟ್ಟು, ಇಬ್ಬರು ಸಾಕ್ಷಿ, ಇಷ್ಟಿದ್ದರೆ ಆಯಿತು. ಧರ್ಮದ ಪ್ರಕಾರ ಕಾನೂನು ಬೇರೆ ಬೇರೆ ಇರುತ್ತದೆ. ಆದ್ದರಿಂದ ಬರೆಯುವ ಮೊದಲು ತಿಳಿದವರೊಬ್ಬರನ್ನು ಕೇಳಿ. ವಕೀಲರಿಗೆ ಕೊಡಲು ಹಣ ಇಲ್ಲದವರು ನಿಮ್ಮ ಊರಿನ ಕೋರ್ಟಿನಲ್ಲಿ ಉಚಿತ ಕಾನೂನು ನೆರವು ಕೇಳಿ ಪಡೆಯಿರಿ. ಬರೆದ ಮೇಲೆ ಕಾಗದ ಎಲ್ಲಿದೆ ಅನ್ನುವುದನ್ನು ಮನೆಯವರಿಗೆ ಹೇಳಿಡಿ.

ನಿಮ್ಮ ಕಾಗದವೂ ಯಾರದೋ ಸೀರೆಯ ಮಡಿಕೆಯಲ್ಲಿ ಬಿಚ್ಚದೆ ಹಳೆಯದಾಗಲಿ. ನಿಮ್ಮ ಮಕ್ಕಳು ದೊಡ್ಡವರಾಗಿ ಕೊನೆಯ ಹಣ್ಣಿಗೆ ಜಗಳ ಆಡಲಿ, ಒಂದೇ ಭಾಷೆಯಲ್ಲಿ.